ಟಾಂಕಿಯ ಕೆಳಗಿನ ಗಾಡಿ

ಬೇಸಿಗೆಯಲ್ಲಿ ಗಾಡಿಯ ಪೆಟ್ರೋಲ್ ಟಾಂಕಿ ಇಳಿಸುವುದಿದ್ದರೆ ನಮ್ಮ ಕಲಬುರಗಿ ಸೀಮೆಯವರು ಬೆಳಗಿನ ಚಹಾ ಮುಗಿದ ಕೂಡಲೇ ಕೈ ಹಚ್ಚಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 42-43 ಡಿಗ್ರಿ ಮುಟ್ಟುವ ನಾಡು ಇದು. ಒಂಬತ್ತು ಗಂಟೆಗೆಲ್ಲ ಅಂಗಳದ ಶಹಾಬಾದ್ ಪರಸಿ ಅಂಗಾಲು ಸುಡಲು ಶುರುಮಾಡುತ್ತದೆ. ಪೆಟ್ರೋಲಿಗಾದರೋ ಅಷ್ಟು ಬಿಸಿಯೂ ಬೇಕಿಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಅದು ಬಿಡುತ್ತಿರುತ್ತದೆ. ಆ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಮೇಲೇಳದೆ ನೆಲ ಹಿಡಿದು ಹರಿಯುತ್ತದೆ, ಹೊಸ್ತಿಲು ತಗ್ಗಾಗಿದ್ದರೆ ಅಡುಗೆಮನೆಗೂ ಹೋದೀತು. ಹೀಗಾಗಿ ಪಾನಾ ಪೆಟ್ಟಿಗೆ ತೆಗೆಯುವ ಮೊದಲೇ ಒಲೆ ಆರಿದೆಯೇ, ಜಗುಲಿಯ ದೀಪ, ಊದಿನಕಡ್ಡಿ ಮುಗಿದಿವೆಯೇ, ಬಾಗಿಲ ಬಳಿ ಯಾರಾದರೂ ಬೀಡಿ ಹಚ್ಚಿ ಕುಳಿತಿದ್ದಾರೆಯೇ ಎಂದು ನೋಡಿಕೊಂಡು ಬರಬೇಕು. ನಮ್ಮ ಕಾಕು ಇದನ್ನು ಚೆನ್ನಾಗಿ ಬಲ್ಲವರು. ಕಾಕಾ ಅಂಗಳಕ್ಕೆ ಕೌದಿ ಹಾಸಿದ್ದು ಕಂಡರೆ ಸಾಕು, ಒಳಗೆ ಗ್ಯಾಸಿನ ರೆಗ್ಯುಲೇಟರ್ ಬಂದ್ ಆಗುತ್ತದೆ. "ನಿಮ್ಮ ಕೆಲ್ಸ ಮುಗಿಯೋತನ ರೊಟ್ಟಿ ಇಲ್ಲ ನೋಡ್ರಿ" ಎಂದು ಹೇಳಿಯೇ ಹೊರಗೆ ಬರುತ್ತಾರೆ.

ಕಾಕಾ ಇರುವುದು ಕಮಲಾಪುರದಲ್ಲಿ. ನಾನು ಕಲಬುರಗಿಯಲ್ಲಿ ಮನೆ ಮಾಡಿಕೊಂಡು ಆ ಕಡೆಯ ಶಾಲೆಗೆ ಗಾಡಿಯ ಮೇಲೆ ಹೋಗಿ ಬರುವ ಮಾಸ್ತರ. ಹುಮನಾಬಾದ್ ರಸ್ತೆ ಹಿಡಿದರೆ ಅವರಾದ, ಮಹಾಗಾಂವ ಕ್ರಾಸ್, ಕುರಿಕೋಟಾ ಸೇತುವೆ, ಆಮೇಲೆ ಕಮಲಾಪುರ. ಎರಡೂ ಬದಿ ಎರೆಭೂಮಿ. ಮಳೆಗಾಲ ಬಿದ್ದ ಮೇಲೆ ತೊಗರಿ, ಬೇಸಿಗೆಯಲ್ಲಿ ಬರೀ ಧೂಳು. ಲಾರಿ ಎದುರಾಗಿ ಹಾದುಹೋದರೆ ಆ ಧೂಳು ಕಣ್ಣಿಗಷ್ಟೇ ಬೀಳುವುದಿಲ್ಲ, ಗಾಡಿಯ ಸಂದುಗೊಂದಿಗಳಿಗೆಲ್ಲ ಸೇರಿಕೊಳ್ಳುತ್ತದೆ. ಒಂದು ಸಲ ಮಹಾಗಾಂವ ಕ್ರಾಸ್ ದಾಟಿದ ಮೇಲೆ ಗಾಡಿ ಗುಕ್ಕು ಹೊಡೆಯಲು ಶುರುಮಾಡಿತು. ಎರಡು ನಿಮಿಷ ನಿಂತರೆ ಸರಿಹೋಗುತ್ತದೆ, ಸ್ವಲ್ಪ ದೂರ ಓಡಿ ಮತ್ತೆ ಅದೇ ಹಾಡು. ಟಾಂಕಿಯಲ್ಲಿ ಪೆಟ್ರೋಲ್ ಇದೆ, ಪ್ಲಗ್ ಒರೆಸಿ ಹಾಕಿದ್ದಾಯಿತು, ಉಪಯೋಗವಿಲ್ಲ. ಆಗ ಹಿಂದಿನಿಂದ ಬಂದ ಟಂಟಂನವನೊಬ್ಬ ಗಾಡಿ ನಿಧಾನ ಮಾಡಿ, "ಮಾಸ್ತರ್ರ, ಟಾಂಕಿ ಮುಚ್ಚಳ ಒಮ್ಮಿ ತೆಗದು ಹಾಕ್ರಿ" ಎಂದು ಹೇಳಿ ಮುಂದಕ್ಕೆ ಹೋದ. ಕೀಲಿ ತಿರುವಿ ಮುಚ್ಚಳ ಎತ್ತಿದೆ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡಿತು. ಮುಚ್ಚಿ ಕಿಕ್ ಹೊಡೆದರೆ ಗಾಡಿ ಕಮಲಾಪುರದ ತನಕ ಒಂದೇ ಉಸಿರಿಗೆ ಓಡಿತು.

ಇದರ ಕಾರಣ ಬಹಳ ಸರಳ. ಟಾಂಕಿಯಿಂದ ಎಷ್ಟು ಪೆಟ್ರೋಲ್ ಕೆಳಗೆ ಇಳಿಯುತ್ತದೆಯೋ ಅಷ್ಟು ಗಾಳಿ ಮೇಲಿನಿಂದ ಒಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸಣ್ಣದೊಂದು ತೂತು ಬಿಟ್ಟಿರುತ್ತಾರೆ. ಆ ತೂತಿಗೆ ನಮ್ಮ ಎರೆಮಣ್ಣಿನ ಧೂಳು ಕೂತು, ಅದರ ಮೇಲೊಂದು ಸಲ ನೀರು ಬಿದ್ದು ಒಣಗಿತೆಂದರೆ ಗಾರೆ ಹಾಕಿ ಮುಚ್ಚಿದಂತೆಯೇ. ಒಳಗೆ ನಿರ್ವಾತವಾಗಿ, ಪೆಟ್ರೋಲ್ ಇದ್ದರೂ ಇಳಿಯುವುದಿಲ್ಲ. ಈ ಒಂದು ಸಂಗತಿ ಗೊತ್ತಿಲ್ಲದೆ ಕಾರ್ಬ್ಯುರೇಟರ್ ಬಿಚ್ಚಿಸಿ, ಕಾಯಿಲ್ ಬದಲಿಸಿ, ದುಡ್ಡು ಸುರಿದವರನ್ನು ನಾನು ಕಂಡಿದ್ದೇನೆ.

ಕಾಕಾನ ಮುಂದೆ ಇದನ್ನು ಹೇಳಿದಾಗ ಆತ ಕೇಳಿದ್ದು ಒಂದೇ ಮಾತು: "ಮುಚ್ಚಳದಾಗ ಇಷ್ಟು ಧೂಳ ಕುಂತಾದ ಅಂದ್ರ ಒಳಗ ಏನದ ಅಂತ ನೋಡಿದ್ದಿ ಏನು, ತಮ್ಮಾ?"

ಕಾಕಾ ಎಂ.ಎಸ್.ಕೆ. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರು ಹೊತ್ತ ಮೆಹಬೂಬ್ ಶಾಹಿ ಮಿಲ್ಲು ಅದು. ಈಗಿನ ಹುಡುಗರಿಗೆ ಎಂ.ಎಸ್.ಕೆ. ಮಿಲ್ ಎಂದರೆ ಒಂದು ರಸ್ತೆ, ಒಂದು ಬಡಾವಣೆ. ಕಾಕಾನಿಗೆ ಅದು ಸೈರನ್ನು, ನೂಲಿನ ಪುಡಿ, ಎಣ್ಣೆ ಬಟ್ಟೆಯ ವಾಸನೆ. ಮಿಲ್ಲು ನಿಂತ ಮೇಲೆ ಊರಿಗೆ ಮರಳಿ ಹೊಲ ನೋಡಿಕೊಂಡರು, ಆದರೆ ಪಾನಾ ಪೆಟ್ಟಿಗೆ ಕೈಬಿಡಲಿಲ್ಲ. ಕಬ್ಬಿಣದ ಆ ಪೆಟ್ಟಿಗೆಯಲ್ಲಿ ರಿಂಗ್ ಪಾನಾ, ಬಾಯಿ ಪಾನಾ, ಪಕ್ಕಡ್, ಪೇಚಕಸ್, ಎಲ್ಲಕ್ಕೂ ಅದರದರ ಜಾಗ. ಕೆಲಸ ಮುಗಿದ ಮೇಲೆ ಒರೆಸದೆ ಒಳಗಿಟ್ಟರೆ ಮಾತು ಬಿಡುತ್ತಾರೆ.

ಅವರ ಮೊದಲ ಗಾಡಿ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ, ನಮ್ಮ ರಾಜ್ಯದ್ದೇ ಗಾಡಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಯೆಜ್ಡಿ, ರಾಜದೂತ್ ಓಡಿಸಿದ ಪೀಳಿಗೆಗೆ ಗಾಡಿ ಬಿಚ್ಚುವುದು ದೊಡ್ಡ ಸಂಗತಿಯೇ ಅಲ್ಲ. ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿ ಹಾಕಬೇಕಿತ್ತು, ಪ್ಲಗ್ ಮಸಿ ಹಿಡಿಯುತ್ತಿತ್ತು, ಸೈಲೆನ್ಸರ್ ಕಟ್ಟಿಕೊಳ್ಳುತ್ತಿತ್ತು. ಗಾಡಿಯೇ ಅವರನ್ನು ಕರೆದು ಕೂರಿಸಿ ಪಾಠ ಹೇಳುತ್ತಿತ್ತು. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂತು. ಪೆಟ್ರೋಲ್ ತುಂಬು, ಮುಚ್ಚಳ ಹಾಕು, ಮರೆತುಬಿಡು ಎನ್ನುವ ಅರ್ಥದ ಅದರ ಜಾಹೀರಾತು ದೇಶವೆಲ್ಲ ಮನೆಮಾತಾಯಿತು. 1994ರಲ್ಲಿ ಸ್ಪ್ಲೆಂಡರ್ ಬಂದ ಮೇಲಂತೂ ನಮ್ಮ ಜಿಲ್ಲೆಯ ಯಾವ ತಾಂಡಾಕ್ಕೆ, ಯಾವ ಹಳ್ಳಿಗೆ ಹೋದರೂ ಕಟ್ಟೆಯ ಮುಂದೆ ಅಂಥದ್ದೊಂದು ನೂರು ಸಿಸಿ ಗಾಡಿ ನಿಂತಿರುತ್ತದೆ. ಆ ಗಾಡಿಗಳು ಜಾಹೀರಾತಿನ ಮಾತು ಉಳಿಸಿಕೊಂಡವು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಆ ಮಾತಿನ ಕೊನೆಯ ಭಾಗವನ್ನು ಅತಿಯಾಗಿ ನಂಬಿದೆವು ಎಂದು ನನಗನ್ನಿಸುತ್ತದೆ. ಹದಿನೈದು-ಇಪ್ಪತ್ತು ವರ್ಷ ಒಂದೇ ಗಾಡಿ ಓಡಿಸಿದವರಲ್ಲಿ ಅದರ ಟಾಂಕಿಯ ಕೆಳಗೆ ಏನಿದೆ ಎಂದು ನೋಡಿದವರು ಕಡಿಮೆ. ತೊಳೆಯುತ್ತೇವೆ, ದಸರೆಗೆ ಹೂಮಾಲೆ ಹಾಕುತ್ತೇವೆ, ಟಾಂಕಿಗೆ ಶರಣಬಸವೇಶ್ವರರ ಚಿತ್ರ ಅಂಟಿಸುತ್ತೇವೆ. ಅದನ್ನು ಎತ್ತಿ ನೋಡುವುದಿಲ್ಲ.

ಟಾಂಕಿಯಷ್ಟು ಮನೆಯವರ ಮೈಗೆ ಹತ್ತಿರವಾದ ಭಾಗ ಗಾಡಿಯಲ್ಲಿ ಇನ್ನೊಂದಿಲ್ಲ. ನಮ್ಮಲ್ಲಿ ಚಿಕ್ಕ ಮಕ್ಕಳ ಮೊದಲ ಸೀಟು ಅದು. ಅಪ್ಪನ ಎರಡು ಕೈಗಳ ನಡುವೆ ಟಾಂಕಿಯ ಮೇಲೆ ಕೂತು, ಹ್ಯಾಂಡಲಿನ ನಡುಭಾಗ ಹಿಡಿದು, ಅಪ್ಪನ ಕೆರೆಯ ದಂಡೆಗೆ ಹೋದ ನೆನಪು ಕಲಬುರಗಿಯಲ್ಲಿ ಬೆಳೆದ ಎಷ್ಟೋ ಜನಕ್ಕಿದೆ. ಕಮಲಾಪುರದ ಕಡೆ ಅದರ ಮೇಲೆ ಇನ್ನೂ ಹೆಚ್ಚಿನ ಭಾರ ಬೀಳುತ್ತದೆ. ಗೊಬ್ಬರದ ಚೀಲ ಅಡ್ಡಹಾಕುವುದು ಟಾಂಕಿಯ ಮೇಲೆಯೇ. ಅಲ್ಲಿಯ ಕೆಂಪು ಬಾಳೆ ಜಿಐ ಮಾನ್ಯತೆ ಪಡೆದ ಹಣ್ಣು. ಗೊನೆ ಕೈಗೆ ಬರಲು ಹತ್ತಿರಹತ್ತಿರ ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ, ಗೊಬ್ಬರವನ್ನೂ ಹೆಚ್ಚು ಕೇಳುತ್ತದೆ. ಅಷ್ಟು ಗೊಬ್ಬರ ಹೊಲ ಮುಟ್ಟುವುದು ಬಹಳ ಸಲ ಮೋಟಾರ್ ಸೈಕಲ್ಲಿನ ಮೇಲೆ. ಚೀಲದ ಹೊಲಿಗೆ ಸಡಿಲಿದ್ದರೆ ಯೂರಿಯಾ ಕಾಳು ಟಾಂಕಿಯ ಮೇಲಿಂದ ಜಾರಿ ಸೀಟಿನ ಸಂದಿಗೆ ಬೀಳುತ್ತವೆ, ಅಲ್ಲೇ ನೀರು ಹೀರಿ ಕರಗುತ್ತವೆ. ಟಾಂಕಿಯನ್ನು ಹಿಡಿದಿರುವ ಹಿಂದಿನ ಬೋಲ್ಟು ಇರುವುದೂ ಅದೇ ಸಂದಿಯಲ್ಲಿ. ಆ ಊರಿನ ಗಾಡಿಗಳಲ್ಲಿ ಆ ಬೋಲ್ಟು ತುಕ್ಕು ಹಿಡಿದು ಕೂತಿರುವುದಕ್ಕೆ ಮಳೆಯಷ್ಟೇ ಗೊಬ್ಬರವೂ ಕಾರಣ.

ಕೆಲಸ ಹೇಗೆ ನಡೆಯುತ್ತದೆ ಎಂದು ವಿವರವಾಗಿಯೇ ಹೇಳುತ್ತೇನೆ. ಕಾರ್ಬ್ಯುರೇಟರ್ ಇರುವ ಹಳೆಯ ನೂರು ಸಿಸಿ ಗಾಡಿಗಳ ಮಾತು ಇದು. ಟಾಂಕಿಯಲ್ಲಿ ಪೆಟ್ರೋಲ್ ಕಡಿಮೆಯಿರುವ ದಿನ ನೋಡಿ ಆರಿಸಿಕೊಳ್ಳಬೇಕು. ಹತ್ತು ಲೀಟರ್ ಪೆಟ್ರೋಲಿನ ತೂಕವೇ ಏಳೂವರೆ ಕಿಲೋ. ಎತ್ತುವಾಗ ಅದು ಒಳಗೆ ಅತ್ತಿತ್ತ ಹೊಯ್ದಾಡಿ ಕೈತಪ್ಪಿಸುತ್ತದೆ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಡಬಲ್ ಸ್ಟ್ಯಾಂಡ್ ಹಾಕಿ, ಬದಿಯ ಕವರ್ ಎರಡೂ ತೆಗೆದು, ಬ್ಯಾಟರಿಯ ಮೈನಸ್ ವೈರು ಬಿಚ್ಚಿಡುತ್ತಾರೆ ಕಾಕಾ. ಪಾನಾ ಎಲ್ಲಾದರೂ ತಾಗಿ ಒಂದು ಕಿಡಿ ಹಾರಿದರೂ ಮುಂದಿನ ಮಾತೇ ಇರುವುದಿಲ್ಲ. ಆಮೇಲೆ ಸೀಟು. ಸೀಟು ಎದ್ದರೆ ಟಾಂಕಿಯ ಬಾಲ ಕಾಣುತ್ತದೆ: ಒಂದು ಬೋಲ್ಟು, ಅದರ ಕೆಳಗೆ ದೊಡ್ಡ ವಾಶರ್, ಅದರ ಕೆಳಗೆ ರಬ್ಬರು. ತುಕ್ಕು ಹಿಡಿದಿದ್ದರೆ ಕಾಕಾ ಜೋರು ಮಾಡುವುದಿಲ್ಲ. ಸೀಮೆಎಣ್ಣೆಯೋ ತುಕ್ಕು ಬಿಡಿಸುವ ಸ್ಪ್ರೇಯೋ ಹಾಕಿ, "ಅದು ಕುಡೀಲಿ" ಎಂದು ಬಿಟ್ಟು ಬೇರೆ ಕಡೆ ಕೈಹಾಕುತ್ತಾರೆ.

ಬೇರೆ ಕಡೆ ಎಂದರೆ ಪೆಟ್ರೋಲ್ ಕಾಕ್. ಟಾಂಕಿಯ ಹೊಟ್ಟೆಯಡಿ ಎಡಕ್ಕೆ ಇರುವ ಆ ಪುಟ್ಟ ನಲ್ಲಿಯನ್ನು ಬಂದ್ ಮಾಡಿ, ಪೈಪಿನ ಸ್ಪ್ರಿಂಗ್ ಕ್ಲಿಪ್ಪನ್ನು ಪಕ್ಕಡಿನಿಂದ ಒತ್ತಿ ಹಿಂದೆ ಸರಿಸಬೇಕು. ಪೈಪನ್ನು ಎಳೆಯಬಾರದು, ತಿರುವುತ್ತ ಬಿಡಿಸಬೇಕು. ಹಳೆಯ ರಬ್ಬರು ಎಳೆದರೆ ಬಾಯಲ್ಲಿ ಸೀಳುತ್ತದೆ. ಪೈಪಿನಲ್ಲಿ ಉಳಿದ ಪೆಟ್ರೋಲ್ ಇಷ್ಟು ಚೆಲ್ಲುತ್ತದೆ, ಅದಕ್ಕೊಂದು ಹತ್ತಿ ಬಟ್ಟೆ ಹಿಡಿದಿರಬೇಕು. ಪೆಟ್ರೋಲ್ ಮುಳ್ಳು ಇರುವ ಗಾಡಿಯಾದರೆ ಟಾಂಕಿಯಡಿಯಿಂದ ಒಂದು ವೈರು ಹೊರಡುತ್ತದೆ. ಅದರ ಕನೆಕ್ಟರನ್ನು ಮರೆತು ಟಾಂಕಿ ಎತ್ತಿದರೆ ವೈರು ಹರಿಯುತ್ತದೆ. ಬಿಚ್ಚಿದ ಬೋಲ್ಟು, ವಾಶರ್, ರಬ್ಬರು ಎಲ್ಲ ಹಳೆಯ ಸ್ಟೀಲ್ ತಾಟಿನಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಕೂರುತ್ತವೆ. ಯಾರೂ ಆ ತಾಟು ಮುಟ್ಟುವಂತಿಲ್ಲ.

ಹಿಂದಿನ ಬೋಲ್ಟು ಸಡಿಲಾದ ಮೇಲೆ ಟಾಂಕಿಯ ಹಿಂಭಾಗ ತುಸು ಎತ್ತಿ ತನ್ನ ಕಡೆಗೆ ಎಳೆದುಕೊಳ್ಳಬೇಕು. ಮುಂದೆ, ಹ್ಯಾಂಡಲಿನ ಬುಡದಲ್ಲಿ ಅದನ್ನು ಹಿಡಿದಿರುವುದು ಫ್ರೇಮಿನ ಎರಡೂ ಬದಿಯ ದುಂಡನೆಯ ರಬ್ಬರುಗಳಷ್ಟೇ. ಅಲ್ಲಿ ನಟ್ಟಿಲ್ಲ, ಬೋಲ್ಟಿಲ್ಲ. ನಮ್ಮ ಬಿಸಿಲಿಗೆ ಆ ರಬ್ಬರು ಒಣಗಿ ಗಟ್ಟಿಯಾಗಿ ಟಾಂಕಿಗೆ ಕಚ್ಚಿಕೊಂಡಿರುತ್ತವೆ. ಎಡಕ್ಕೆ ಬಲಕ್ಕೆ ಅಲುಗಿಸುತ್ತ ಎಳೆದರೆ ಒಂದು ಕ್ಷಣ ತಡೆದು, ಆಮೇಲೆ ಒಮ್ಮೆಲೇ ಬಿಟ್ಟುಕೊಡುತ್ತದೆ. ಕೌದಿಯ ಮೇಲೆ ಇಳಿಸಿದರಾಯಿತು. ಬಣ್ಣಕ್ಕೆ ಗೀರು ಬೀಳುವುದಿಲ್ಲ, ಉರುಳುವುದೂ ಇಲ್ಲ. ಕಾಕು ಹೊಲಿದ ಆ ಹಳೆಯ ಕೌದಿಗೆ ಈಗ ಪೆಟ್ರೋಲ್ ವಾಸನೆ ಬಂದುಬಿಟ್ಟಿದೆ. ಅದನ್ನು ಮತ್ತೆ ಹೊದ್ದುಕೊಳ್ಳಲು ಕೊಡುವುದಿಲ್ಲ.

ಟಾಂಕಿ ಇಳಿದ ಮೇಲೆ ಗಾಡಿ ಬೇರೆಯೇ ಕಾಣುತ್ತದೆ. ಇಷ್ಟು ದಿನ ನಮ್ಮ ತೊಡೆಗಳ ನಡುವೆ ಇದ್ದದ್ದು ಇದೇನೇ ಎನ್ನಿಸುತ್ತದೆ. ಫ್ರೇಮಿನ ಬೆನ್ನುಮೂಳೆ, ಅದರ ಗುಂಟ ಟೇಪು ಸುತ್ತಿದ ವೈರಿಂಗಿನ ಕಟ್ಟು, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್, ಎಕ್ಸಲರೇಟರ್ ಕೇಬಲ್, ಕ್ಲಚ್ ಕೇಬಲ್. ದಾರಿಯ ನಡುವೆ ಗಾಡಿಯನ್ನು ನಿಲ್ಲಿಸಿಬಿಡಬಲ್ಲ ಎಷ್ಟೋ ಸಂಗತಿಗಳು ಒಂದು ಮೊಳದ ಜಾಗದಲ್ಲಿ ಸೇರಿಕೊಂಡಿವೆ. ಮೇಲೆಲ್ಲ ಎರೆಮಣ್ಣಿನ ಪದರ, ಬೆರಳಿನಿಂದ ಗೀರಿದರೆ ಹೆಸರು ಬರೆಯಬಹುದು. ತೊಗರಿ ರಾಶಿಯ ಕಾಲದ ಹೊಟ್ಟು, ಜೇಡರ ಬಲೆ, ಒಮ್ಮೊಮ್ಮೆ ಮಣ್ಣಿನ ಹುಳುವಿನ ಗೂಡು. ನನ್ನ ಗಾಡಿಯಲ್ಲಿ ಕಂಡದ್ದು ಇಲಿಯ ಕೆಲಸ. ಹೊಟ್ಟಿನ ವಾಸನೆಗೆ ಬಂದಿದ್ದ ಇಲಿ ಕಾಯಿಲಿಗೆ ಹೋಗುವ ವೈರಿನ ಮೇಲಿನ ರಬ್ಬರನ್ನು ಕಡಿದು ತಾಮ್ರ ಕಾಣುವಂತೆ ಮಾಡಿತ್ತು. ಅದು ಫ್ರೇಮಿಗೆ ತಾಗಲು ಎಳೆಯಷ್ಟೇ ಅಂತರ ಉಳಿದಿತ್ತು. ಒಂದು ಮಳೆಯಲ್ಲಿ, ರಾತ್ರಿ ಹೊತ್ತಿನಲ್ಲಿ, ಕುರಿಕೋಟಾ ಸೇತುವೆಯ ಮೇಲೆ ಗಾಡಿ ಏಕಾಏಕಿ ಸತ್ತು, ಹಿಂದೆ ಲಾರಿ ಬರುತ್ತಿದ್ದರೆ ಏನಾಗುತ್ತಿತ್ತು ಎಂದು ನಾನು ಯೋಚಿಸುತ್ತ ನಿಂತಿದ್ದೆ. ಕಾಕಾ ಆಗಲೇ ಇನ್ಸುಲೇಷನ್ ಟೇಪು ಸುತ್ತಿ ಮುಗಿಸಿದ್ದರು.

ಇನ್ನು ಟಾಂಕಿಯ ಒಳಗು. ಉಳಿದ ಪೆಟ್ರೋಲನ್ನು ಕಾಕ್ ಮೂಲಕ ಡಬ್ಬಿಗೆ ಇಳಿಸಿ, ಆ ಡಬ್ಬಿಗೆ ಬಿರಡೆ ಹಾಕಿ ನೆರಳಿಗೆ ಸಾಗಿಸಿದ ಮೇಲೆ ಕಾಕ್ ಬಿಚ್ಚುತ್ತಾರೆ. ಅದಕ್ಕೊಂದು ಸಣ್ಣ ಜಾಲರಿ ಇದೆ, ಒಳಗೆ ಎದ್ದುನಿಂತ ಕೊಳವೆಯಿದೆ. ಗಾಡಿ ಆನ್‌ನಲ್ಲಿ ಓಡುವಾಗ ಪೆಟ್ರೋಲ್ ಬರುವುದು ಆ ಕೊಳವೆಯ ತುದಿಯಿಂದ. ಮಟ್ಟ ಅದಕ್ಕಿಂತ ಕೆಳಗಿಳಿದರೆ ಗಾಡಿ ನಿಲ್ಲುತ್ತದೆ, ರಿಸರ್ವಿಗೆ ತಿರುವಿದರೆ ಬುಡದ ತೂತಿನಿಂದ ಬರುತ್ತದೆ. ರಿಸರ್ವ್ ಎಂದರೆ ಬೇರೊಂದು ಟಾಂಕಿ ಇದೆ ಎಂದು ನಂಬಿರುವವರು ಓದಿದವರಲ್ಲೂ ಇದ್ದಾರೆ. ಇರುವುದು ತಳದಲ್ಲಿ ಉಳಿದ ಕೊನೆಯ ಪೆಟ್ರೋಲು. ಕಸವೂ ನೀರೂ ಕೂತಿರುವುದು ಅದೇ ತಳದಲ್ಲಿ. ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗಿದರೆ ನೀರು ಒಂದು ಕಿಲೋ. ಸದಾ ರಿಸರ್ವಿನಲ್ಲೇ ಓಡಿಸುವ ಅಭ್ಯಾಸ ಇರುವವರ ಗಾಡಿ ಏಕೆ ಹೆಚ್ಚು ಕಾಡುತ್ತದೆ ಎಂಬುದಕ್ಕೆ ಇಷ್ಟೇ ವಿವರಣೆ ಸಾಕು. ಆ ದಿನ ನನ್ನ ಗಾಡಿಯ ಜಾಲರಿಯಿಂದ ಕಾಕಾ ಅಂಗೈಗೆ ತಟ್ಟಿಕೊಂಡದ್ದು ಒಂದು ಚಿಟಿಕೆ ಕಂದುಬಣ್ಣದ ತುಕ್ಕಿನ ಪುಡಿ. ಅರ್ಧ ಮಿಲಿಮೀಟರಿಗೂ ಕಡಿಮೆ ತೂತಿನ ಪೈಲಟ್ ಜೆಟ್ಟಿಗೆ ಅದರ ಒಂದು ಕಣ ಸಾಕು.

ತುಕ್ಕು ಬರುವುದು ಪೆಟ್ರೋಲ್ ಇರುವ ಜಾಗದಲ್ಲಲ್ಲ, ಇಲ್ಲದ ಜಾಗದಲ್ಲಿ. ಅರ್ಧ ಖಾಲಿ ಟಾಂಕಿ ಹಗಲು ಕಾದು ರಾತ್ರಿ ತಣಿಯುವಾಗ ಒಳಗಿನ ಗಾಳಿಯ ತೇವ ಗೋಡೆಗೆ ಕೂರುತ್ತದೆ, ಆಮೇಲೆ ತಳಕ್ಕೆ ಇಳಿಯುತ್ತದೆ. ಹಾಗಾಗಿ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಿ ಹೋಗುವವರು ಟಾಂಕಿ ತುಂಬಿಸಿ ನಿಲ್ಲಿಸಲಿ ಎನ್ನುತ್ತಾರೆ ಕಾಕಾ. ಮೇ ತಿಂಗಳಲ್ಲಿ ಮಾತ್ರ ಬಾಯಿಮಟ್ಟ ಬೇಡ. ಹತ್ತು ಲೀಟರ್ ಪೆಟ್ರೋಲ್ 25 ಡಿಗ್ರಿಯಿಂದ 45 ಡಿಗ್ರಿಗೆ ಕಾದರೆ ಹತ್ತಿರಹತ್ತಿರ 200 ಮಿಲಿಲೀಟರ್ ಹಿಗ್ಗುತ್ತದೆ. ಆ ಹಿಗ್ಗಿದ್ದಕ್ಕೆ ಜಾಗ ಬೇಕು. ಪಂಪಿನಲ್ಲಿ ಹುಡುಗ ಗಾಡಿ ಅಲುಗಿಸಿ ಇನ್ನಷ್ಟು ತುಂಬಿಸಿದರೆ ಖುಷಿಪಡುವ ನಮ್ಮ ಜನ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ತುಕ್ಕು ತೆಗೆಯಲು ನಾವು ಮಾಡಿದ್ದು ಹೀಗೆ. ಮೊದಲು ಸಾಬೂನು ನೀರಿನಿಂದ ಒಳಗೆಲ್ಲ ಗಲಗಲ ತೊಳೆದು ಪೆಟ್ರೋಲಿನ ಅಂಶ ಹೊರಗೆ ಹಾಕಿದೆವು. ಕಾಕ್ ಇದ್ದ ತೂತಿಗೆ ರಬ್ಬರಿನ ಬಿರಡೆ ಹೊಡೆದು, ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಪುಡಿಯನ್ನು ಬಿಸಿನೀರಿಗೆ ಕದಡಿ ಟಾಂಕಿ ತುಂಬ ಹಾಕಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಹೊರಬಂದ ನೀರು ಕಪ್ಪು-ಹಸಿರು. ಅಡುಗೆ ಸೋಡಾ ಬೆರೆಸಿದ ನೀರಿನಿಂದ ಮತ್ತೆ ತೊಳೆದರೆ ಹುಳಿಯ ಅಂಶ ಸಾಯುತ್ತದೆ. ಇದಾದ ಮೇಲೆ ತಡಮಾಡುವಂತಿಲ್ಲ. ಹಸಿ ಕಬ್ಬಿಣ ಗಾಳಿಗೆ ಬಿಟ್ಟರೆ ಕಣ್ಣೆದುರೇ ಕೆಂಪೇರುತ್ತದೆ. ನಾವೆಲ್ಲ ಬೈಯುವ ನಮ್ಮ ಬಿಸಿಲು ಉಪಕಾರ ಮಾಡುವುದು ಇಲ್ಲಿ. ಕಮಲಾಪುರದ ಮಾಳಿಗೆಯ ಮೇಲೆ ಬಾಯಿ ತೆರೆದು ಮಲಗಿಸಿದ ಟಾಂಕಿ ಬೇಗ ಖಟಖಟ ಒಣಗಿತು. ಒಂದಿಷ್ಟು ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿ ಒಳಮೈಗೆಲ್ಲ ಹತ್ತುವಂತೆ ಆಡಿಸಿ ತೆಗೆದರು ಕಾಕಾ. ಸಂಡಾಸು ತೊಳೆಯುವ ಆಸಿಡ್ ಹಾಕುವವರಿದ್ದಾರೆ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ, ಬೇಡವೇ ಬೇಡ.

ಇನ್ನೊಂದು ಬೇಡವಾದ ಕೆಲಸವಿದೆ, ಅದರ ಬಗ್ಗೆ ನಾನು ಕೈಮುಗಿದು ಹೇಳುತ್ತೇನೆ. ಟಾಂಕಿ ಸೋರುತ್ತಿದ್ದರೆ ಮನೆಯಲ್ಲಿ ಬೆಸುಗೆಗೆ ಇಳಿಯಬೇಡಿ. ಪೆಟ್ರೋಲ್ ತುಂಬಿದ ಟಾಂಕಿಗಿಂತ ಖಾಲಿ ಮಾಡಿದ ಟಾಂಕಿ ಹೆಚ್ಚು ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇಕಡಾ ಒಂದೂವರೆಯಿಂದ ಏಳೂವರೆಯಷ್ಟು ಸೇರಿದಾಗಲೇ ಅದು ಸಿಡಿಯುವುದು, ಖಾಲಿ ಟಾಂಕಿಯಲ್ಲಿ ಆ ಪ್ರಮಾಣ ಕೂಡಿಬರುವುದು ಬಹಳ ಸುಲಭ. ದಿನವೂ ಇದನ್ನೇ ಮಾಡುವವರು ಟಾಂಕಿಯನ್ನು ಮತ್ತೆ ಮತ್ತೆ ತೊಳೆದು, ನೀರು ತುಂಬಿಸಿ, ಬೆಸುಗೆ ಬೀಳುವ ಕಡೆ ಮಾತ್ರ ತುಸು ಜಾಗ ಉಳಿಸಿಕೊಂಡು ಕೂರುತ್ತಾರೆ. ಅದು ಅವರ ಕೈಗೇ ಇರಲಿ. ಊರು ತಲುಪುವ ಮಟ್ಟಿಗೆ ಸಣ್ಣ ತೂತಿಗೆ ಮೈ ಸಾಬೂನು ತಿಕ್ಕಿದರೆ ಸಾಕು. ಸಾಬೂನು ಪೆಟ್ರೋಲಿನಲ್ಲಿ ಕರಗುವುದಿಲ್ಲ.

ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇದೆ. ಆಳಂದ, ಅಫಜಲಪುರದ ಕಡೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಾಗ ನಾನು ನೆನೆಸುವುದುಂಟು, ನನ್ನ ಟಾಂಕಿಗೆ ಬೀಳುವುದರಲ್ಲಿ ಇಂಥ ಹೊಲಗಳದ್ದೂ ಒಂದು ಪಾಲು ಇದ್ದೀತು. ರೈತನ ಕಬ್ಬಿಗೆ ಇನ್ನೊಂದು ಗಿರಾಕಿ ಸಿಕ್ಕಿದ್ದು ನನಗೆ ಸಂತೋಷವೇ. ಬ್ರೆಜಿಲ್ ದೇಶದವರು ದಶಕಗಳಿಂದ ಹೆಚ್ಚಿನ ಎಥೆನಾಲಿನಲ್ಲೇ ಓಡಿಸುತ್ತಿದ್ದಾರೆ, ಅವರ ಗಾಡಿಗಳು ಅದಕ್ಕೆಂದೇ ತಯಾರಾದವು. ನಮ್ಮಲ್ಲಿ ಹೊಸ ಗಾಡಿಗಳ ಪೈಪು, ರಬ್ಬರು 20ರ ಮಿಶ್ರಣ ತಾಳುವಂತೆ ಮಾಡತೊಡಗಿದ್ದು 2023ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ಗಾಡಿ ಇಟ್ಟುಕೊಂಡವರ ಜವಾಬ್ದಾರಿ ಹೆಚ್ಚಿದೆ ಎಂದೇ ನನ್ನ ತಿಳಿವಳಿಕೆ. ಎಥೆನಾಲ್ ನೀರನ್ನು ತನ್ನ ಕಡೆ ಸೆಳೆದುಕೊಳ್ಳುತ್ತದೆ; ನೀರು ಮಿತಿ ಮೀರಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಹೋಗಿ ಕೂರುತ್ತದೆ. ಹಳೆಯ ರಬ್ಬರ್ ಪೈಪು ಉಬ್ಬಿ ಮೆತ್ತಗಾಗಬಹುದು, ಒಣಗಿ ಬಿರಿಯಬಹುದು. ಬೆರಳಿನಿಂದ ಬಾಗಿಸಿ ನೋಡಿದರೆ ಬಿರುಕು ಕಾಣುತ್ತದೆ. ಒಂದು ಅಡಿ ಪೈಪಿಗೆ ಏನು ಮಹಾ ಬೆಲೆ? ಮಳೆಗಾಲದ ಮೊದಲು ಅದನ್ನು ಬದಲಿಸಿಬಿಡುವುದು ನನ್ನ ಈಗಿನ ಪದ್ಧತಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳ ಕಥೆ ಬೇರೆ. ಬಹುತೇಕ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು. ಟಾಂಕಿಯೊಳಗೇ ಪಂಪು, ಪೈಪಿನಲ್ಲಿ ಸುಮಾರು ಮೂರು ಬಾರ್ ಒತ್ತಡ. ಹಳೆಯ ಕೈಚಳಕದಲ್ಲಿ ಪೈಪು ಕಿತ್ತರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಪಂಪಿನ ಕನೆಕ್ಟರ್ ಬಿಚ್ಚಿಟ್ಟು ಇಂಜಿನ್ ಚಾಲೂ ಮಾಡಿ, ಅದು ಪೈಪಿನಲ್ಲಿ ಉಳಿದದ್ದನ್ನು ಕುಡಿದು ತಾನೇ ಆರಿದ ಮೇಲೆ ಬ್ಯಾಟರಿ ಕಳಚಿ ಕೈಹಾಕಬೇಕು. ಹೊಗೆ ಕಡಿಮೆಯಾಯಿತು, ಚಳಿಯಲ್ಲಿ ಚೋಕ್ ಎಳೆಯುವ ಕಾಟ ತಪ್ಪಿತು, ಒಳ್ಳೆಯದೇ. ಪೈಪಿನ ಒತ್ತಡ ಇಳಿಸುವ ಈ ಕ್ರಮವನ್ನು ಕಾಕಾ ಪಕ್ಕದ ಮನೆಯ ಹುಡುಗನ ಹೊಸ ಗಾಡಿಯ ಜೊತೆ ಬಂದ ಪುಸ್ತಕ ನೋಡಿ, ಅವನಿಂದ ಓದಿಸಿ ಕೇಳಿ ಕಲಿತರು. ಎಪ್ಪತ್ತು ದಾಟಿದ ಮನುಷ್ಯ ಕನ್ನಡಕ ಏರಿಸಿ, "ಇನ್ನೊಮ್ಮಿ ಓದು, ಜರಾ ಸಾವಕಾಶ" ಎಂದು ಆ ಹುಡುಗನನ್ನು ಕೂರಿಸಿಕೊಂಡದ್ದನ್ನು ನೋಡಿದ ಮೇಲೆ, ಹೊಸ ಗಾಡಿ ಮನೆಯಲ್ಲಿ ಮುಟ್ಟುವಂಥದ್ದಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಜೋಡಿಸುವಾಗ ಎಲ್ಲ ಹಿಂದುಮುಂದು. ಮುಂದಿನ ರಬ್ಬರುಗಳಿಗೆ ಸಾಬೂನು ನೀರು ಸವರಿ ಟಾಂಕಿ ಒಳಗೆ ತಳ್ಳಬೇಕು. ಎಣ್ಣೆ ಹಚ್ಚಿದರೆ ರಬ್ಬರು ಕೆಡುತ್ತದೆ. ಕೇಬಲ್ಲುಗಳು ಮೊದಲು ಇದ್ದ ದಾರಿಯಲ್ಲೇ ಇರಬೇಕು. ಟಾಂಕಿಯಡಿ ಎಕ್ಸಲರೇಟರ್ ಕೇಬಲ್ ಸಿಕ್ಕಿಕೊಂಡರೆ ಹ್ಯಾಂಡಲ್ ಹೊರಳಿಸಿದಾಗ ಇಂಜಿನ್ ತಾನಾಗಿ ಏರುತ್ತದೆ, ಸಂತೆಯ ರಸ್ತೆಯಲ್ಲಿ ಅದು ಪ್ರಾಣಕ್ಕೆ ಬಂದೀತು. ಕಾಕಾ ಕಾಕ್ ತೆರೆದು ಗಾಡಿಯನ್ನು ಹಾಗೇ ಬಿಡುತ್ತಾರೆ. ಪೈಪಿನ ಎರಡೂ ಬಾಯಿ, ಕಾಕಿನ ಬುಡ, ಎಲ್ಲ ಕಡೆ ಒಣ ಬೆರಳು ಸವರಿ ಮೂಗಿಗೆ ಹಿಡಿದು ನೋಡುತ್ತಾರೆ. ಆಮೇಲೆಯೇ ಕಿಕ್. ಇಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಹೊರಳಿಸಿ ಕಿವಿಗೊಡುತ್ತಾರೆ. ಸದ್ದು ಏರಿಳಿಯದಿದ್ದರೆ ಸೀಟು ಕೂರಿಸಲು ಹೇಳುತ್ತಾರೆ.

ಈ ಸಲ ತಾಟು ಕಾಯುವ ಕೆಲಸ ಕಾಕಾನ ಮಗಳ ಮಗಳಿಗೆ ಬಿದ್ದಿತ್ತು. ಕಲಬುರಗಿಯಲ್ಲಿ ಕಾಲೇಜು ಓದುತ್ತಾಳೆ, ರಜೆಗೆ ಬಂದಿದ್ದಳು. ಸುಮ್ಮನೆ ಕಾಯಲಿಲ್ಲ. ಯಾವ ವಾಶರ್ ಯಾವುದರ ಕೆಳಗೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆಯಲು ಹೊರಟಳು. ಟಾಂಕಿ ಬಾಯಿ ತೆರೆದಿರುವ ಕಡೆ ಮೊಬೈಲ್ ಬೇಡ ಎಂದು ಮುತ್ಯಾ ಗದರಿಸಿದ ಮೇಲೆ ನೋಟ್‌ಬುಕ್ ತಂದು ಚಿತ್ರ ಬರೆದುಕೊಂಡಳು. ಕೊನೆಗೆ, "ಮಾಮಾ, ನನ್ನ ಸ್ಕೂಟಿ ಟಾಂಕಿ ಎಲ್ಲದ?" ಎಂದು ನನ್ನನ್ನು ಕೇಳಿದಳು. ಸೀಟಿನ ಅಡಿಯಲ್ಲೆಂದು ಹೇಳಿದೆ. ಅದನ್ನು ತಲುಪಲು ಮೊದಲು ಪ್ಲಾಸ್ಟಿಕ್ ಮೈಯೆಲ್ಲ ಬಿಚ್ಚಬೇಕು, ಸ್ಕ್ರೂಗಳು ಬಹಳ, ಲಾಕುಗಳು ಎಳೆದರೆ ಮುರಿಯುತ್ತವೆ. ಮುತ್ಯಾ-ಮೊಮ್ಮಗಳು ಬರುವ ರವಿವಾರ ಅದಕ್ಕೆ ಕೈಹಾಕುವುದೆಂದು ಠರಾಯಿಸಿದ್ದಾರೆ. ಕಾಕಾನ ಪೆಟ್ಟಿಗೆಯ ಪೇಚಕಸ್‌ಗಳೆಲ್ಲ ದಪ್ಪ ಮೂತಿಯವು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದಾಗ ಸ್ಟಾರ್ ಮೂತಿಯ, ಉದ್ದ ಕಡ್ಡಿಯ ಪೇಚಕಸ್ ಒಂದು, ಪೆಟ್ರೋಲ್ ಪೈಪು ಒಂದು ಅಡಿ, ಕ್ಲಿಪ್ಪು ಎರಡು ತರಬೇಕೆಂದು ನನಗೆ ಚೀಟಿ ಬರೆದುಕೊಟ್ಟಿದ್ದಾರೆ.